ವಂಶವೃಕ್ಷದಲ್ಲಿ ಒಬ್ಬ ರಾಜ ಬಂದು ಕೂತಿದ್ದಾನೆ, ತೆಗೆಯೋದಾ ಬಿಡೋದಾ?

ಬೇರುಹುಡುಕಿ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆತನದ ವಂಶವೃಕ್ಷ ಕೂಡಿಸುತ್ತಿದ್ದೇನೆ. ಮುತ್ತಜ್ಜನ ತಂದೆಯವರೆಗೆ ಕಾಗದಪತ್ರ ಸರಿಯಾಗಿದೆ. ಅವರು ಹುಟ್ಟಿದ್ದು 1838. ಅವರ ತಂದೆಯ ಹೆಸರೂ ಸಿಕ್ಕಿದೆ, ಹುಟ್ಟಿದ್ದು 1812. ಅಲ್ಲಿಂದ ಮೇಲೆ ನನ್ನ ಕೈಲಿ ಏನೂ ಇಲ್ಲ.

ಆದರೆ ದೊಡ್ಡಪ್ಪನ ಹತ್ತಿರ ಒಂದು ದಪ್ಪ ಪುಸ್ತಕ ಇದೆ. ಅಜ್ಜ ಯಾರಿಗೋ ದುಡ್ಡು ಕೊಟ್ಟು ಬರೆಸಿದ್ದಂತೆ. ಅದರಲ್ಲಿ ಈ 1812ರವರಿಂದ ಒಂಬತ್ತು ತಲೆಮಾರು ಮೇಲೆ ಹೋದರೆ 1400ರ ಸುಮಾರಿಗೆ ಹುಟ್ಟಿದ ಒಬ್ಬ ರಾಜ ಸಿಗುತ್ತಾನೆ. ಹೆಸರು ಹೇಳುವುದಿಲ್ಲ, ಸುಮ್ನೆ ಜಗಳ ಆಗುತ್ತದೆ. ಆ ರಾಜನಿಂದ ಮೇಲಕ್ಕೆ ಹೋದರೆ ಕೊನೆಗೆ ಒಬ್ಬ ದೇವರು! ಆನ್‌ಲೈನ್‌ನಲ್ಲಿ ನೋಡಿದರೆ ಹತ್ತಾರು ಜನರ ಮರಗಳಲ್ಲಿ ಇದೇ ಸಾಲು ಇದೆ. ಅಷ್ಟು ಜನ ಹಾಕಿದ್ದಾರೆ ಅಂದಮೇಲೆ ಸ್ವಲ್ಪವಾದರೂ ನಿಜ ಇರಬೇಕಲ್ವಾ? ದೇವರನ್ನು ತೆಗೆದು ರಾಜನನ್ನು ಇಟ್ಟುಕೊಂಡರೆ ಸಾಕಾ? ದೊಡ್ಡಪ್ಪ ಇದನ್ನು ಅಚ್ಚು ಹಾಕಿಸಿ ಎಲ್ಲರಿಗೂ ಹಂಚುವ ಆಲೋಚನೆಯಲ್ಲಿದ್ದಾರೆ, ಅದಕ್ಕೇ ಅವಸರ.

ಹಳೇಕಡತ:

ಹತ್ತಾರು ಮರಗಳನ್ನು ಹತ್ತಾರು ಸಾಕ್ಷಿ ಅಂತ ಎಣಿಸಬೇಡಿ. ಒಬ್ಬರು ಹಾಕಿದ್ದನ್ನು ಮಿಕ್ಕವರು ಹಾಗೇ ನಕಲು ಮಾಡಿರುತ್ತಾರೆ. ಪರೀಕ್ಷೆ ಮಾಡಬೇಕಾ? ಎಲ್ಲಾ ಮರಗಳಲ್ಲೂ ಒಂದೇ ಕಾಗುಣಿತದ ತಪ್ಪು ಇದೆಯಾ, ಒಂದೇ ಊಹೆಯ ಇಸವಿ ಇದೆಯಾ ನೋಡಿ. ಇದ್ದರೆ ಮೂಲ ಒಂದೇ.

ಇಂಥ ಮರಗಳಲ್ಲಿ ಕೆಳಗಿನ ಭಾಗ ನಿಜ ಇರುತ್ತದೆ, ಅದು ನಿಮ್ಮ ಮನೆಯವರದ್ದು. ಮೇಲಿನ ಭಾಗವೂ ಎಷ್ಟೋ ಸಲ ನಿಜವೇ, ರಾಜಮನೆತನದ ದಾಖಲೆ ಯಾರು ಬೇಕಾದರೂ ನೋಡಬಹುದು. ಮೋಸ ಇರುವುದು ಎರಡನ್ನೂ ಕೂಡಿಸುವ ಒಂದು ಗಂಟಿನಲ್ಲಿ. ಅಲ್ಲಿ ಸಾಮಾನ್ಯವಾಗಿ ಇರುವ ಒಂದೇ ಆಧಾರ ಅಂದರೆ ಹೆಸರು ಒಂದೇ ಅನ್ನುವುದು. ಒಂದೇ ಕಾಲದಲ್ಲಿ ಒಂದೇ ಹೆಸರಿನವರು ಎಷ್ಟು ಜನ ಇರುತ್ತಾರೆ ಅಂತ ಒಮ್ಮೆ ಹಳೇ ದಾಖಲೆ ತೆಗೆದು ನೋಡಿ, ತಲೆ ತಿರುಗುತ್ತದೆ. ಅಜ್ಜನ ಹೆಸರು ಮೊಮ್ಮಗನಿಗೆ, ಚಿಕ್ಕಪ್ಪನ ಹೆಸರು ಇನ್ನೊಬ್ಬನಿಗೆ. ಸತ್ತ ಮಗುವಿನ ಹೆಸರನ್ನು ಮುಂದಿನ ಮಗುವಿಗೆ ಇಟ್ಟಿದ್ದೂ ಇದೆ.

ಇನ್ನು ನಿಮ್ಮ ಲೆಕ್ಕ. 1400ರಿಂದ 1812ಕ್ಕೆ ಒಂಬತ್ತೇ ತಲೆಮಾರು ಅಂದರೆ ಒಂದೊಂದಕ್ಕೂ ಸುಮಾರು 46 ವರ್ಷ ಬೀಳುತ್ತದೆ. ಮಾಮೂಲು 25ರಿಂದ 35. ಒಬ್ಬಿಬ್ಬರು ವಯಸ್ಸಾದ ಮೇಲೆ ಅಪ್ಪ ಆಗಿರಬಹುದು. ಒಂಬತ್ತು ಜನವೂ ಸಾಲಾಗಿ? ನನಗಂತೂ ನಂಬಿಕೆ ಬರುವುದಿಲ್ಲ. 1812ರವರ ಅಪ್ಪ ಅಂತ ಪುಸ್ತಕದಲ್ಲಿ ಇರುವವರು ತೀರಿಕೊಂಡದ್ದು ಯಾವಾಗ?

ಬೇರುಹುಡುಕಿ:

ಈಗ ತೆಗೆದು ನೋಡಿದೆ. 1809. ಪುಸ್ತಕದಲ್ಲಿ ಮಗನ ಇಸವಿಯನ್ನೇ ಹಾಕಿಲ್ಲ, ಜಾಗ ಖಾಲಿ ಬಿಟ್ಟಿದ್ದಾರೆ.

ಹಳೇಕಡತ:

ಸತ್ತು ಮೂರು ವರ್ಷದ ಮೇಲೆ ಮಗ. ಗಂಟು ಸಿಕ್ಕಿತು.

ಶಾಸನಪ್ರಿಯ:

ದೇವರನ್ನು ತೆಗೆದು ರಾಜನನ್ನು ಇಟ್ಟುಕೊಳ್ಳುವ ಉಪಾಯ ಹೊಸದೇನಲ್ಲ, ಉಲ್ಟಾ ದಿಕ್ಕಿನಲ್ಲಿ ಬಹಳ ಹಿಂದೆಯೇ ಮಾಡಿದ್ದಾರೆ. ಇಂಗ್ಲೆಂಡಿನ ಆಂಗ್ಲೋ-ಸ್ಯಾಕ್ಸನ್ ರಾಜರ ವಂಶಾವಳಿಗಳು ಹೆಚ್ಚಾಗಿ ವೋಡನ್ ಎಂಬ ದೇವರಿಗೆ ಹೋಗಿ ನಿಲ್ಲುತ್ತಿದ್ದವು. ಅವರೆಲ್ಲ ಕ್ರೈಸ್ತರಾದ ಮೇಲೆ ಇದು ಮುಜುಗರ ಅಲ್ವಾ? ಹಾಗಂತ ವೋಡನ್‌ನನ್ನು ಕಿತ್ತು ಹಾಕಲಿಲ್ಲ. ಅವನೂ ಒಬ್ಬ ಮನುಷ್ಯ ಅಂತ ಮಾಡಿ ಅವನ ಮೇಲೆ ಇನ್ನಷ್ಟು ಅಪ್ಪಂದಿರನ್ನು ಸೇರಿಸಿದರು. ಆಲ್ಫ್ರೆಡ್ ರಾಜನ ತಂದೆ ಎಥೆಲ್‌ವುಲ್ಫ್‌ನ ವಂಶಾವಳಿ ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್‌ನಲ್ಲಿದೆ. ಅದು ವೋಡನ್ ದಾಟಿ, ನೋಹನ ನಾವೆಯಲ್ಲೇ ಹುಟ್ಟಿದ ಒಬ್ಬ ಮಗನನ್ನು ದಾಟಿ, ಆದಮನವರೆಗೂ ಹೋಗುತ್ತದೆ. ನಾವೆಯಲ್ಲಿ ಹುಟ್ಟಿದ ಮಗ ಬೈಬಲ್‌ನಲ್ಲಿ ಎಲ್ಲೂ ಇಲ್ಲ, ಬೇಕಾಗಿತ್ತು ಅಂತ ಹುಟ್ಟಿಸಿದರು.

ಜೂಲಿಯಸ್ ಸೀಸರ್ ಕ್ರಿ.ಪೂ. 69ರಲ್ಲಿ ತನ್ನ ಸೋದರತ್ತೆಯ ಶವಸಂಸ್ಕಾರದ ಭಾಷಣದಲ್ಲೇ ನಮ್ಮ ಮನೆತನ ವೀನಸ್ ದೇವತೆಯದ್ದು ಅಂತ ಸಾರಿದ. ಆಗ ಅವನು ರಾಜಕೀಯದಲ್ಲಿ ಇನ್ನೂ ಮೇಲೆ ಬರುತ್ತಿದ್ದವನು, ಸಮಯ ನೋಡಿಯೇ ಹೇಳಿದ್ದು.

ನಮ್ಮವರೂ ಕಡಿಮೆ ಇಲ್ಲ. ಹುಲಿ ಕೊಂದ ಸಳನ ಕಥೆ ಶಾಸನದಲ್ಲಿ ಮೊದಲು ಕಾಣುವುದು ವಿಷ್ಣುವರ್ಧನನ ಕಾಲದ 1117ರ ಬೇಲೂರು ಶಾಸನದಲ್ಲಿ. ಆ ಹೊತ್ತಿಗೆ ಮನೆತನ ಶುರುವಾಗಿ ಎಷ್ಟೋ ತಲೆಮಾರು ಆಗಿತ್ತು. ಕಲ್ಯಾಣ ಚಾಲುಕ್ಯರ 1009ರ ತಾಮ್ರಪಟದಲ್ಲಿ ತಮ್ಮ ವಂಶದ 59 ರಾಜರು ಅಯೋಧ್ಯೆಯಲ್ಲಿ ಆಳಿದರು ಅಂತ ಬರುತ್ತದೆ. ಬಾದಾಮಿಯಲ್ಲಿ ಆಳಿದ ಹಿಂದಿನ ಚಾಲುಕ್ಯರ ಶಾಸನಗಳಲ್ಲಿ ಈ 59 ಜನರ ಸುದ್ದಿಯೇ ಇಲ್ಲ.

ಅದಕ್ಕೇ ನಾನು ಮೊದಲು ನೋಡುವುದು ಯಾವಾಗ ಬರೆದರು, ಯಾಕೆ ಬರೆದರು ಅಂತ. ಬರೆದ ಕಾಲದ ಬಗ್ಗೆ ಅವು ಒಳ್ಳೆಯ ಸಾಕ್ಷಿ. ಅದರಲ್ಲಿ ಹೇಳಿದ ಕಾಲದ ಬಗ್ಗೆ ಅಲ್ಲ. ನಿಮ್ಮ ಪುಸ್ತಕಕ್ಕೂ ಇದೇ ಪ್ರಶ್ನೆ ಹಾಕಿ.

ಅನುಮಾನದಪುಟ್ಟ:

ದುಡ್ಡು ಕೊಟ್ಟು ಬರೆಸಿದ ಪುಸ್ತಕ ಅಂದಾಗಲೇ ನನಗೆ ಗುಸ್ತಾವ್ ಆಂಜೂ ನೆನಪಾದ. ಸ್ವೀಡನ್‌ನಲ್ಲಿ 1863ರಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ಶ್ರೀಮಂತರಿಗೆ ವಂಶಾವಳಿ ಬರೆದು ಕೊಡುವುದನ್ನೇ ಕಸುಬು ಮಾಡಿಕೊಂಡವನು. 1942ರಲ್ಲಿ ತೀರಿಕೊಂಡ. ಅವನ ಕೈಚಳಕ ನೋಡಿ: ಪೂರ್ತಿ ಸುಳ್ಳು ಬರೆಯುತ್ತಿರಲಿಲ್ಲ. ನಿಜವಾದ ಉಯಿಲು, ನಿಜವಾದ ಚರ್ಚ್ ದಾಖಲೆ ಬೇಕಾದಷ್ಟು ತುಂಬಿಸಿ, ನಡುವೆ ಎಲ್ಲಿ ಕೊಂಡಿ ಇಲ್ಲವೋ ಅಲ್ಲಿಗೆ ಮಾತ್ರ ಒಂದು ಹುಟ್ಟಿಸಿದ ದಾಖಲೆ ಇಡುತ್ತಿದ್ದ. ಓದುವವರು ನಾಲ್ಕು ಕಡೆ ತಾಳೆ ನೋಡುತ್ತಾರೆ, ನಾಲ್ಕೂ ಸರಿ ಇರುತ್ತದೆ, ಐದನೆಯದನ್ನು ನಂಬಿಬಿಡುತ್ತಾರೆ. ಅವನು ಮಾಡಿದ ವಂಶಾವಳಿಗಳು ಇವತ್ತಿಗೂ ಆನ್‌ಲೈನ್ ಮರಗಳಲ್ಲಿ ಓಡಾಡುತ್ತಿವೆ.

ನಿಮ್ಮ ಅಜ್ಜನಿಗೆ ಬರೆದು ಕೊಟ್ಟವರು ಅಂಥವರೇ ಅಂತ ನಾನು ಹೇಳುತ್ತಿಲ್ಲ. ಆದರೆ ಆ 1809ರ ಪುಟದಲ್ಲಿ ಆಧಾರ ಅಂತ ಏನು ಕೊಟ್ಟಿದ್ದಾರೆ ನೋಡಿ. ಬೇರೆ ಪುಟಗಳಲ್ಲಿ ಪುಸ್ತಕ, ಪುಟಸಂಖ್ಯೆ ಎಲ್ಲಾ ಇದ್ದು ಇಲ್ಲಿ ಮಾತ್ರ ‘ಹಳೆಯ ದಾಖಲೆಗಳ ಪ್ರಕಾರ’ ಅಂತ ಇದ್ದರೆ ಅರ್ಥ ಮಾಡಿಕೊಳ್ಳಿ.

ಬೇರುಹುಡುಕಿ:

ಹೆಚ್ಚುಕಮ್ಮಿ ಹಾಗೇ ಇದೆ, ನೋಡಿ ನಗು ಬಂತು. ದೊಡ್ಡಪ್ಪ ಒಪ್ಪುತ್ತಿಲ್ಲ. ಡಿಎನ್‌ಎ ಪರೀಕ್ಷೆ ಮಾಡಿಸೋಣ, ಗೊತ್ತಾಗಿಬಿಡುತ್ತದೆ ಅನ್ನುತ್ತಾರೆ. ಗೊತ್ತಾಗುತ್ತದಾ?

ಲೆಕ್ಕದಮೇಷ್ಟ್ರು:

ಇಷ್ಟು ದೂರಕ್ಕೆ ಸುಲಭವಾಗಿ ಇಲ್ಲ. ಹತ್ತು ತಲೆಮಾರು ಮೇಲೆ ನಿಮಗೆ 1,024 ಹಿರಿಯರ ಜಾಗ ಇದೆ. ಅವರಲ್ಲಿ ಬಹಳ ಜನರ ಡಿಎನ್‌ಎ ಒಂದು ತುಣುಕೂ ನಿಮ್ಮಲ್ಲಿ ಉಳಿದಿರುವುದಿಲ್ಲ, ಆದರೂ ಅವರು ನಿಮ್ಮ ಹಿರಿಯರೇ. ವೈ ಕ್ರೋಮೋಸೋಮ್ ಅಪ್ಪನಿಂದ ಮಗನಿಗೆ ಮಾತ್ರ ಹೋಗುತ್ತದೆ. ಅದನ್ನು ತಾಳೆ ನೋಡಬೇಕಾದರೆ ರಾಜನ ಕಡೆಯಿಂದಲೂ ಗಂಡು ಸಾಲಿನಲ್ಲಿ ಬಂದವರು ಬೇಕು, ಇಲ್ಲವೇ ರಾಜನ ಮೂಳೆಯೇ ಬೇಕು.

ಮೂಳೆ ಸಿಕ್ಕಿದರೂ ಏನಾಗುತ್ತದೆ ನೋಡಿ. ಇಂಗ್ಲೆಂಡಿನ ಮೂರನೇ ರಿಚರ್ಡ್‌ನ ಅಸ್ಥಿಪಂಜರ 2012ರಲ್ಲಿ ಲೆಸ್ಟರ್‌ನಲ್ಲಿ ಸಿಕ್ಕಿತು. ತಾಯಿಯ ಕಡೆಯ ಸಾಲಿನ ಸಂಬಂಧಿಗಳ ಜೊತೆ ಡಿಎನ್‌ಎ ಕೂಡಿಬಂತು. ಗಂಡು ಸಾಲಿನ ಸಂಬಂಧಿಗಳು ಅಂತ ಕಾಗದದಲ್ಲಿ ಇದ್ದ ಐವರ ವೈ ಕ್ರೋಮೋಸೋಮ್ ಮಾತ್ರ ಅವನದ್ದಕ್ಕೆ ಕೂಡಲಿಲ್ಲ. ಅದರಲ್ಲೂ ಒಬ್ಬರದ್ದು ಉಳಿದ ನಾಲ್ವರಿಗೂ ಕೂಡಲಿಲ್ಲ! ಇದು ದಾಖಲೆ ಚೆನ್ನಾಗಿ ಇಟ್ಟ ದೊಡ್ಡ ಮನೆತನಗಳ ಕಥೆ. ಕಾಗದದಲ್ಲಿ ಅಪ್ಪ ಅಂತ ಬರೆದವನು ಹೆತ್ತ ಅಪ್ಪನೇ ಆಗಿರಬೇಕು ಅಂತೇನಿಲ್ಲ.

ದೊಡ್ಡಪ್ಪನಿಗೆ ಸಮಾಧಾನ ಆಗುವ ಮಾತೂ ಒಂದಿದೆ. 30 ತಲೆಮಾರು ಮೇಲೆ ಹೋದರೆ ಹಿರಿಯರ ಜಾಗಗಳು 107 ಕೋಟಿ ದಾಟುತ್ತವೆ. ಆ ಕಾಲದಲ್ಲಿ ಇಡೀ ಲೋಕದಲ್ಲೇ ಅಷ್ಟು ಜನ ಇರಲಿಲ್ಲ. ಅಂದರೆ ಒಬ್ಬರೇ ಹಿರಿಯರು ಮರದಲ್ಲಿ ಮತ್ತೆ ಮತ್ತೆ ಬಂದಿರಲೇಬೇಕು, ನನ್ನ ಹಿರಿಯರೂ ನಿಮ್ಮ ಹಿರಿಯರೂ ಬಹಳ ಮಟ್ಟಿಗೆ ಒಂದೇ ಆಗಿರಬೇಕು. ಮಕ್ಕಳು ಮೊಮ್ಮಕ್ಕಳು ಜಾಸ್ತಿ ಇದ್ದ ಯಾವುದೋ ಒಬ್ಬ ರಾಜ ಎಲ್ಲೋ ನಿಮ್ಮ ಮರದಲ್ಲಿ ಇದ್ದೇ ಇರಬಹುದು. ಇರಬಹುದು ಅನ್ನುವುದು ಬೇರೆ, ಈ ಸಾಲಿನಲ್ಲಿ ಈ ಮನುಷ್ಯನಿಂದಲೇ ಬಂದೆ ಅನ್ನುವುದು ಬೇರೆ. ಎರಡನೆಯದಕ್ಕೆ ಕಾಗದ ಬೇಕು.

ಮರದಮಾಲಿ:

ಮೂಲ ಪ್ರಶ್ನೆಗೆ ಬರುತ್ತೇನೆ. ರಾಜನನ್ನು ಅಳಿಸಬೇಡಿ, ಕೊಂಡಿ ಮಾತ್ರ ಕತ್ತರಿಸಿ. ಅಳಿಸಿದರೆ ಏನಾಗುತ್ತದೆ ಅಂದರೆ, ನಾಳೆ ನಿಮ್ಮ ಯಾರೋ ಅಣ್ಣನೋ ತಂಗಿಯೋ ಅದೇ ಹಳೇ ಫೈಲ್ ಅಪ್‌ಲೋಡ್ ಮಾಡುತ್ತಾರೆ, ರಾಜ ಮತ್ತೆ ವಾಪಸ್. ವಿಕಿಟ್ರೀ ಥರದ ಹಂಚಿಕೊಂಡ ಮರಗಳಲ್ಲಿ ಇದೇ ಕಾಟ ಜಾಸ್ತಿ ಆಗಿಯೇ 1500ಕ್ಕಿಂತ ಹಿಂದಿನವರನ್ನು ಸೇರಿಸುವುದಕ್ಕೆ ಬೇರೆ ಪರೀಕ್ಷೆ ಇಟ್ಟಿದ್ದಾರೆ.

1812ರವರ ಪುಟದಲ್ಲಿ ತಂದೆಯ ಜಾಗ ಖಾಲಿ ಬಿಡಿ. ಟಿಪ್ಪಣಿಯಲ್ಲಿ ಪುಸ್ತಕ ಏನು ಹೇಳುತ್ತದೆ, ಅಜ್ಜ ಯಾವ ಕಾಲಕ್ಕೆ ಬರೆಸಿದ್ದು, 1809 ಮತ್ತು 1812 ಯಾಕೆ ಕೂಡುವುದಿಲ್ಲ, ಇಷ್ಟನ್ನೂ ಬರೆಯಿರಿ. ಹೊಸಬರು ಬಂದು ಅದೇ ಅಪ್ಪನನ್ನು ಅಂಟಿಸಲು ಹೊರಟರೆ ಮೊದಲು ಇದು ಕಣ್ಣಿಗೆ ಬೀಳುತ್ತದೆ.

ದೊಡ್ಡಪ್ಪನ ವಿಷಯಕ್ಕೆ ಹೀಗೆ ಮಾಡಿ. ಪುಸ್ತಕದ ಕಥೆಯನ್ನು ‘ಮನೆಯಲ್ಲಿ ಹೇಳುತ್ತಾ ಬಂದದ್ದು’ ಅಂತ ಬೇರೆ ಪುಟದಲ್ಲಿ ಅಚ್ಚು ಹಾಕಿಸಿ, ಮರದ ಚಿತ್ರದೊಳಗೆ ತರಬೇಡಿ. ಅಜ್ಜ ದುಡ್ಡು ಕೊಟ್ಟು ಬರೆಸಿದರು ಅನ್ನುವುದು ನಿಜವೇ ಅಲ್ವಾ, ಅದೂ ಮನೆತನದ ಇತಿಹಾಸವೇ. ಸುಳ್ಳು ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದರೆ ಅವರ ಹತ್ತಿರ ಇರುವ ಬೇರೆ ಕಾಗದಗಳೂ ನಿಮ್ಮ ಕೈಗೆ ಸಿಗುವುದಿಲ್ಲ.

ಬೇರುಹುಡುಕಿ:

ಆ ಕೊನೇ ಮಾತು ಸರಿಯಾಗಿ ತಾಗಿತು. ಬೇರೆ ಪುಟಕ್ಕೆ ದೊಡ್ಡಪ್ಪ ಒಪ್ಪಿದರು, ಅರ್ಧ ಮನಸ್ಸಿನಿಂದ. ಆಮೇಲೆ ಅವರೇ ಒಂದು ಹಳೇ ಕಟ್ಟು ಬಿಚ್ಚಿದರು. ಅದರಲ್ಲಿ ಒಂದು ಜಮೀನು ಪತ್ರ ಇದೆ, 1812ರವರ ಹೆಸರಿನ ಮುಂದೆ ತಂದೆಯ ಹೆಸರು ಇದೆ. ಪುಸ್ತಕದಲ್ಲಿ ಇರುವ ಹೆಸರಲ್ಲ, ಬೇರೆಯೇ! ಅದರ ಕೆಳಗಿನ ಸಾಲಿನಲ್ಲಿ ಹೆಂಡತಿಯ ಹೆಸರು ಇರುವ ಹಾಗಿದೆ, ಶಾಯಿ ಹರಡಿ ಓದಲು ಆಗುತ್ತಿಲ್ಲ. ಆ ಸಾಲಿನ ಫೋಟೋ ಹಾಕಿದರೆ ಯಾರಾದರೂ ನೋಡುತ್ತೀರಾ?

ಹಳೇಕಡತ:

ಹಾಕಿ. ಒಂದು ಸಾಲು ಮಾತ್ರ ಬೇಡ, ಪೂರ್ತಿ ಪುಟ ಹಾಕಿ. ಅದೇ ಕೈಬರಹದ ಬೇರೆ ಅಕ್ಷರಗಳ ಜೊತೆ ಇಟ್ಟು ನೋಡಬೇಕಾಗುತ್ತದೆ. ಫ್ಲ್ಯಾಷ್ ಹಾಕಬೇಡಿ, ಹಗಲು ಹೊತ್ತು ಕಿಟಕಿ ಪಕ್ಕ ಇಟ್ಟು ತೆಗೆಯಿರಿ. ಹಿಂಬದಿಯಲ್ಲಿ ಏನಾದರೂ ಬರೆದಿದ್ದರೆ ಅದರದ್ದೂ ಒಂದು ಫೋಟೋ ಇರಲಿ.