ಹಳೇ ಮಿಲಿಟರಿ ಗಾಡಿ: ನೀವು ಕೇಳಿದ್ದು, ಮೇಸ್ತ್ರಿ ಹೇಳಿದ್ದು

ತಿಂಗಳಿಗೊಬ್ಬ ಕಸುಬುದಾರರನ್ನು ಕೂರಿಸಿಕೊಂಡು ಪ್ರಶ್ನೆ ಕೇಳುವುದು ನಮ್ಮ ಗುಂಪಿನ ರೂಢಿ. ಈ ಸಲ ಸಿಕ್ಕವರು ಸೇನೆಯ ಗಾಡಿ, ಯಂತ್ರಗಳ ರಿಪೇರಿ ನೋಡಿಕೊಳ್ಳುವ ಇಎಂಇ ವಿಭಾಗದಲ್ಲಿ 17 ವರ್ಷ ವೆಹಿಕಲ್ ಮೆಕ್ಯಾನಿಕ್ ಆಗಿದ್ದು, ಈಗ ಹಾಸನದ ಹತ್ತಿರ ಗ್ಯಾರೇಜ್ ಇಟ್ಟಿರುವ ನಮ್ಮ ಸದಸ್ಯರೊಬ್ಬರು. ಹೆಸರು ಬೇಡ, ಮೇಸ್ತ್ರಿ ಅಂದರೆ ಸಾಕು ಅಂದಿದ್ದಾರೆ. ಸೇನೆ ಮಾರಿದ ಜೀಪ್, ಜೋಂಗಾ (ಸೇನೆಗೆ ಮಾಡುತ್ತಿದ್ದ ದೊಡ್ಡ ಜೀಪ್), ಮಾರುತಿ ಜಿಪ್ಸಿ ಇಟ್ಟುಕೊಳ್ಳುವ ಆಸೆ ಇರುವವರು ಕೇಳಿದ ಪ್ರಶ್ನೆಗಳು, ಅವರ ಉತ್ತರಗಳು ಇಲ್ಲಿವೆ.

ಪ್ರಶ್ನೆ (ಸಕಲೇಶಪುರದಿಂದ): ನಮಸ್ಕಾರ ಸರ್. ಇಲ್ಲೊಂದು ಎಸ್ಟೇಟ್ ಶೆಡ್‌ನಲ್ಲಿ ಜೋಂಗಾ ನಿಂತಿದೆ. ಎಂಜಿನ್ ಸ್ಟಾರ್ಟ್ ಆಗುತ್ತೆ, ಬಾಡಿ ಚೆನ್ನಾಗಿದೆ. ಪೇಪರ್ ಆಮೇಲೆ ಮಾಡಿಸಿಕೊಡ್ತೀನಿ ಅಂತ ಓನರ್ ಹೇಳ್ತಾರೆ. ತಗೋಬಹುದಾ?

ಮೇಸ್ತ್ರಿ: ಎಂಜಿನ್ ವಿಷಯ ನನಗೆ ಬಿಡಿ. ಜೋಂಗಾದ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್, 3956 ಸಿಸಿ, ಒಳ್ಳೆ ಗಟ್ಟಿ ಪಿಂಡ. ಎಷ್ಟು ಕೆಟ್ಟಿದ್ದರೂ ಎಬ್ಬಿಸಬಹುದು. ಎಬ್ಬಿಸೋಕೆ ಆಗದೇ ಇರೋದು ಪೇಪರ್ ಮಾತ್ರ.

ಸೇನೆಯಲ್ಲಿ ಇರುವವರೆಗೆ ಗಾಡಿಗೆ ಆರ್‌ಟಿಒ ನಂಬರ್ ಇರುವುದಿಲ್ಲ. ಮೇಲ್ಮುಖದ ಬಾಣ, ಇಸವಿಯ ಎರಡು ಅಂಕಿ, ಆಮೇಲೆ ಒಂದು ಅಕ್ಷರ, ಒಂದಷ್ಟು ಅಂಕಿ, ಹೀಗೆ ಇರುತ್ತೆ ಅದರ ನಂಬರ್. ಹರಾಜಾದ ಮೇಲೆ ಅದಕ್ಕೆ ಹೊಸದಾಗಿ ನಾಗರಿಕ ರಿಜಿಸ್ಟ್ರೇಷನ್ ಆಗಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳ 47ನೇ ನಿಯಮದಲ್ಲೇ ಇದೆ: ಮಾಜಿ ಸೇನಾ ವಾಹನ ಆದರೆ ಸಂಬಂಧಪಟ್ಟ ಅಧಿಕಾರಿ ಕೊಟ್ಟ ಅಸಲಿ ಮಾರಾಟ ಪತ್ರ, ಅಂದರೆ ಫಾರಂ 21, ಅರ್ಜಿ ಜೊತೆ ಕೊಡಬೇಕು. ಜೆರಾಕ್ಸ್ ಅಲ್ಲ, ಅಸಲಿ. ಈಗ ನಿಮ್ಮ ಓನರ್ ಹತ್ತಿರ ಏನಿದೆ ಕೇಳಿ. ಹರಾಜಿನಲ್ಲಿ ಕೊಂಡವರು ಬೇರೆ, ಅವರಿಂದ ಕೊಂಡವರು ಬೇರೆ, ಅವರು ತೀರಿಕೊಂಡು ಮಗ ಮಾರುತ್ತಿದ್ದಾನೆ, ಮಧ್ಯದ ಎರಡು ಕಾಗದ ಇಲ್ಲ. ಇಂಥ ಕಥೆ ನಾನು ಬಹಳ ಕೇಳಿದ್ದೇನೆ.

ನನ್ನದೇ ಕಥೆ ಹೇಳಲೇ? ಪೆನ್ಷನ್ ಬಂದ ವರ್ಷ ಒಬ್ಬರ ಮಾತು ನಂಬಿ ಪೇಪರ್ ಇಲ್ಲದ ಜೋಂಗಾ ತಂದೆ. ಎಂಜಿನ್ ಬೋರ್ ಮಾಡಿಸಿದೆ, ಪೇಂಟ್ ಹೊಡೆಸಿದೆ, ಗಡಿಯಾರದ ಹಾಗೆ ಓಡುತ್ತಿತ್ತು. ಗೇಟಿನಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಗೇಟಿಗೆ. ರಸ್ತೆಗೆ ಇಳಿಯುವ ಹಾಗಿಲ್ಲ. ಕೊನೆಗೆ ಹಿಂದಿನ ಸೀಟಿನಲ್ಲಿ ನಮ್ಮನೆ ಕೋಳಿ ಮೊಟ್ಟೆ ಇಡಲು ಶುರು ಮಾಡಿತು. ಹೆಂಡತಿ ಇವತ್ತಿಗೂ ಅದನ್ನು ಕೋಳಿಗೂಡು ಅಂತಲೇ ಕರೆಯುವುದು.

ಆದ್ದರಿಂದ ಒಂದು ಪೆನ್ಸಿಲ್, ಒಂದು ಬಿಳಿ ಹಾಳೆ, ಒಂದು ಬ್ರಷ್, ಸ್ವಲ್ಪ ಸೀಮೆಎಣ್ಣೆ ತಗೊಂಡು ಹೋಗಿ. ಚಾಸಿಸ್ ನಂಬರ್ ಮೇಲಿನ ಗ್ರೀಸು, ಮಣ್ಣು ತೊಳೆದು, ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯಿರಿ. ಎಂಜಿನ್ ನಂಬರೂ ಹಾಗೇ. ಆಮೇಲೆ ಕಾಗದದ ಪಕ್ಕ ಇಟ್ಟು ಒಂದೊಂದೇ ಅಂಕಿ ನೋಡಿ. ಅಂಕಿಯ ಸುತ್ತ ಗ್ರೈಂಡರ್ ಆಡಿಸಿದ ಗುರುತು ಕಂಡರೆ ಚಹಾ ಕುಡಿದು ವಾಪಸ್ ಬನ್ನಿ.

ಪ್ರಶ್ನೆ (ಮಡಿಕೇರಿಯಿಂದ): ಅಂಕಲ್, ನಮ್ಮ ತಾತನ ಜೀಪ್ ಎರಡನೇ ಮಹಾಯುದ್ಧದ ಕಾಲದ ಅಮೆರಿಕದ ವಿಲ್ಲಿಸ್ ಅಂತ ಮನೆಯಲ್ಲಿ ಎಲ್ಲರೂ ಹೇಳ್ತಾರೆ. ಮೆಕ್ಯಾನಿಕ್ ಒಬ್ಬರು ಇದು ಮಹೀಂದ್ರಾ ಅಂದುಬಿಟ್ರು. ಅಮ್ಮನಿಗೆ ಬೇಜಾರಾಗಿದೆ. ಹೇಗೆ ಕಂಡುಹಿಡಿಯೋದು?

ಮೇಸ್ತ್ರಿ: ಮೊದಲು ಮುಂದೆ ನಿಂತು ಗ್ರಿಲ್‌ನ ಸೀಳು ಎಣಿಸಮ್ಮ. ಒಂಬತ್ತು ಇದ್ದರೆ ಯುದ್ಧದ ಜೀಪಿನ ಮುಖ. ಏಳು ಇದ್ದರೆ ಆಮೇಲೆ ನಾಗರಿಕರಿಗೆ ಮಾಡಿದ ಸಿಜೆ ಜಾತಿ. ಬಾನೆಟ್ ಎತ್ತರವಾಗಿ ಪೆಟ್ಟಿಗೆ ಥರ ಇದ್ದರೆ ಸಿಜೆ3ಬಿ, ಮಹೀಂದ್ರಾ ನಮ್ಮಲ್ಲಿ ವರ್ಷಗಟ್ಟಲೆ ಮಾಡಿದ್ದು ಅದನ್ನೇ.

ಒಂಬತ್ತು ಸೀಳು ಇದ್ದರೂ ಅಷ್ಟಕ್ಕೇ ಖುಷಿಪಡಬೇಡ, ಗ್ರಿಲ್ ಬದಲಾಯಿಸುವುದು ಅರ್ಧ ದಿನದ ಕೆಲಸ. ಹೆಡ್‌ಲೈಟ್ ನೋಡು. ಯುದ್ಧದ ಜೀಪಿನಲ್ಲಿ ಅವು ಗ್ರಿಲ್‌ನ ಹಿಂದೆ, ಸ್ವಲ್ಪ ಒಳಗೆ ಕೂತಿರುತ್ತವೆ. ಒಂದು ನಟ್ ಸಡಿಲಿಸಿದರೆ ಲೈಟು ಮೇಲಕ್ಕೆ ತಿರುಗಿ ಎಂಜಿನ್ ಕಡೆ ಮುಖ ಮಾಡುತ್ತೆ. ರಾತ್ರಿ ರಿಪೇರಿಗೆ ಟಾರ್ಚ್ ಹಿಡಿಯೋಕೆ ಇನ್ನೊಬ್ಬ ಬೇಡ. ಇಂಥ ಬುದ್ಧಿ ಮಾಡಿದವನಿಗೆ ನಾನು ಇವತ್ತಿಗೂ ಸಲ್ಯೂಟ್ ಹೊಡೀತೀನಿ.

ಆಮೇಲೆ ಕೆಳಗೆ ಬಗ್ಗಿ ನೋಡು. ರೇಡಿಯೇಟರ್ ಕೆಳಗೆ ಚಾಸಿಸ್‌ನ ಎರಡು ಕಡೆ ಸೇರಿಸುವ ಅಡ್ಡಪಟ್ಟಿ ಇರುತ್ತೆ. ಅದು ದುಂಡನೆ ಪೈಪ್ ಆಗಿದ್ದರೆ ವಿಲ್ಲಿಸ್ ಎಂಬಿ. ಚೌಕಾಕಾರ ಇದ್ದರೆ ಫೋರ್ಡ್ ಜಿಪಿಡಬ್ಲ್ಯು. 1941ರಿಂದ 1945ರವರೆಗೆ ಈ ಇಬ್ಬರೂ ಸೇರಿ ಆರು ಲಕ್ಷಕ್ಕಿಂತ ಜಾಸ್ತಿ ಜೀಪ್ ಮಾಡಿದರು, ವಿನ್ಯಾಸ ಒಂದೇ. ಫೋರ್ಡಿನವರು ಮಾತ್ರ ಬೋಲ್ಟಿನ ತಲೆಯ ಮೇಲೂ ಇಂಗ್ಲಿಷಿನ ಎಫ್ ಅಕ್ಷರ ಕೆತ್ತಿಸಿದ್ದರು. ತಂತಿ ಬ್ರಷ್‌ನಲ್ಲಿ ಉಜ್ಜಿದರೆ ಇವತ್ತೂ ಕಾಣುತ್ತೆ.

ಬರ್ಮಾ ಕಡೆಯ ಯುದ್ಧ ಮುಗಿದಾಗ ಅಮೆರಿಕದವರು ಬಿಟ್ಟುಹೋದ ಗಾಡಿಗಳು ನಮ್ಮ ದೇಶದಲ್ಲಿ ಬೇಕಾದಷ್ಟು ಉಳಿದವು. ಎಂಬತ್ತು ವರ್ಷದಲ್ಲಿ ಒಂದರ ಕಾಲು ಇನ್ನೊಂದಕ್ಕೆ ಸೇರಿದೆ. ವಿಲ್ಲಿಸ್ ಚಾಸಿಸ್, ಫೋರ್ಡ್ ಬಾಡಿ, ಮಹೀಂದ್ರಾ ಎಂಜಿನ್ ಇರುವ ಜೀಪ್‌ಗಳೇ ನನ್ನ ಹತ್ತಿರ ಜಾಸ್ತಿ ಬರೋದು. ನಿಮ್ಮದು ಅಂಥದ್ದಾದರೆ ಅಮ್ಮನಿಗೆ ಹೇಳು, ತಾತ ಓಡಿಸಿದ ಜೀಪ್ ಅದೇ, ಅದರಲ್ಲಿ ಸುಳ್ಳಿಲ್ಲ.

ಪ್ರಶ್ನೆ (ಬೆಂಗಳೂರು, ಯಲಹಂಕ): ನನ್ನ ವಿಲ್ಲಿಸ್‌ನ ಎಂಜಿನ್ ಜಾಮ್ ಆಗಿದೆ. ಎಂಟು ವರ್ಷ ನಿಂತಿತ್ತು. ಗೇರಿಗೆ ಹಾಕಿ ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆಸಿದರೆ ಬಿಡುತ್ತೆ ಅಂತ ಸ್ನೇಹಿತ ಹೇಳ್ತಾನೆ.

ಮೇಸ್ತ್ರಿ: ಬಿಡುತ್ತೆ. ರಿಂಗೂ ಬಿಡುತ್ತೆ, ಪಿಸ್ಟನ್ನೂ ಬಿಡುತ್ತೆ. ಆ ಸ್ನೇಹಿತರನ್ನು ಸ್ವಲ್ಪ ದಿನ ಶೆಡ್ ಕಡೆ ಬಿಟ್ಟುಕೊಳ್ಳಬೇಡಿ.

ನಾಲ್ಕೂ ಪ್ಲಗ್ ಬಿಚ್ಚಿ. ಅರ್ಧ ಡೀಸೆಲ್, ಅರ್ಧ ಪವರ್ ಸ್ಟೇರಿಂಗಿಗೆ ಹಾಕುವ ಎಟಿಎಫ್ ಎಣ್ಣೆ ಬೆರೆಸಿ ಒಂದೊಂದು ತೂತಿಗೂ ಒಂದು ಸಣ್ಣ ಲೋಟ ಹೊಯ್ಯಿರಿ. ಬಟ್ಟೆ ತುರುಕಿ ಮುಚ್ಚಿಡಿ. ದಿನಾ ನೋಡಿ, ಇಳಿದಿದ್ದರೆ ಮತ್ತೆ ಹೊಯ್ಯಿರಿ. ಒಂದು ವಾರ ಮುಟ್ಟಲೇ ಬೇಡಿ. ಆಮೇಲೆ ಮುಂದಿನಿಂದ ಹ್ಯಾಂಡಲ್ ಹಾಕಿ, ತಿರುಗಿಸಬೇಡಿ, ಸುಮ್ನೆ ಆ ಕಡೆ ಈ ಕಡೆ ಅಲ್ಲಾಡಿಸಿ. ಕೂದಲೆಳೆಯಷ್ಟು ಅಲುಗಾಡಿದರೂ ಸಾಕು. ಮಾರನೇ ದಿನ ಇನ್ನಷ್ಟು ಅಲುಗಾಡುತ್ತೆ. ಬಿಟ್ಟುಕೊಳ್ಳುವಾಗ ಒಳಗೆ ಕರ್ ಅಂತ ಒಂದು ಸಣ್ಣ ಸದ್ದು ಬರುತ್ತೆ. ಅದನ್ನು ಕೇಳಿದ ದಿನ ನಿಮಗೆ ನಿದ್ದೆ ಬರಲ್ಲ.

ಎರಡು ವಾರ ಆದರೂ ಜಗ್ಗದಿದ್ದರೆ ಹೆಡ್ ಬಿಚ್ಚಿ. ಈ ಎಂಜಿನ್‌ನಲ್ಲಿ ಹೆಡ್ ಬರೀ ಮುಚ್ಚಳ, ವಾಲ್ವ್‌ಗಳೆಲ್ಲ ಬ್ಲಾಕ್‌ನಲ್ಲೇ, ಸಿಲಿಂಡರ್ ಪಕ್ಕದಲ್ಲಿ ಕೂತಿರುತ್ತವೆ. ಅವೂ ಹಿಡಿದಿರಬಹುದು. ತೆರೆದುಕೊಂಡೇ ತುಕ್ಕು ಹಿಡಿದ ವಾಲ್ವ್ ಮೇಲಿಂದಲೇ ಕಣ್ಣಿಗೆ ಕಾಣುತ್ತೆ. ಎಂಜಿನ್ ಬಿಟ್ಟ ಮೇಲೆ ಆಯಿಲ್ ಚೇಂಬರ್ ಇಳಿಸಿ ತೊಳೆಯದೆ ಸ್ಟಾರ್ಟ್ ಮಾಡಬೇಡಿ. ತಳದಲ್ಲಿ ಹಲ್ವಾ ಥರ ಕೂತಿರುತ್ತೆ ಹಳೇ ಆಯಿಲ್. ಹೊಸ ಆಯಿಲ್ ಹಾಕಿ, ಪ್ಲಗ್ ಇಲ್ಲದೆ ಸೆಲ್ಫ್ ಹೊಡೆದು, ಆಯಿಲ್ ಮೀಟರಿನ ಮುಳ್ಳು ಎದ್ದ ಮೇಲೆ ಪ್ಲಗ್ ಹಾಕಿ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಹೊತ್ತಿಕೊಳ್ಳುವ ಕ್ರಮ, 1-3-4-2, ಬಾನೆಟ್ ಒಳಗೆ ಬರೆದಿಟ್ಟುಕೊಳ್ಳಿ.

ಅದೇ ಸದಸ್ಯರು (ಎಂಜಿನ್ ಬಿಟ್ಟ ಮೇಲೆ): ಸೆಲ್ಫ್ ಹೊಡೆದರೆ ಟಕ್ ಅನ್ನುತ್ತೆ ಅಷ್ಟೇ ಸರ್. ಬ್ಯಾಟರಿ ಹೊಸದು. 12 ವೋಲ್ಟ್ ಮಾಡಿಸಿಬಿಡಲಾ?

ಮೇಸ್ತ್ರಿ: ಅವಸರ ಬೇಡ. ಆ ಜೀಪ್ 6 ವೋಲ್ಟಿನದು. ಅಷ್ಟೇ ಕೆಲಸಕ್ಕೆ 12 ವೋಲ್ಟಿಗಿಂತ ಎರಡರಷ್ಟು ಕರೆಂಟ್ ಹರಿಯಬೇಕು. ನೀವು ಅಂಗಡಿಯಿಂದ ತಂದಿರೋದು ಇವತ್ತಿನ ಕಾರಿನ ತೆಳ್ಳಗಿನ ಕೇಬಲ್ ಅಲ್ವಾ? ಹೆಬ್ಬೆರಳಿನಷ್ಟು ದಪ್ಪದ ಕೇಬಲ್ ಹಾಕಿ. ಎಂಜಿನ್ ರಬ್ಬರ್ ಮೇಲೆ ಕೂತಿರುತ್ತೆ, ಹಾಗಾಗಿ ಎಂಜಿನ್‌ನಿಂದ ಚಾಸಿಸ್‌ಗೆ ಹೆಣೆದ ತಾಮ್ರದ ಅರ್ತ್ ಪಟ್ಟಿ ಇರಲೇಬೇಕು. ಪೇಂಟ್ ಕೆರೆದು ಬರೀ ಲೋಹಕ್ಕೆ ಬೋಲ್ಟ್ ಮಾಡಿ. ಹತ್ತರಲ್ಲಿ ಎಂಟು ಸಲ ಅಲ್ಲಿಗೇ ಮುಗಿಯುತ್ತೆ.

ಪ್ರಶ್ನೆ (ಶಿವಮೊಗ್ಗದಿಂದ): ಗಾಡಿ ರೆಡಿ ಆಗಿದೆ ಅಣ್ಣಾ. ಅಸಲಿ ಮಿಲಿಟರಿ ಹಸಿರು ಪೇಂಟ್, ಹಳೇ ಬಾಣದ ನಂಬರ್ ಹಾಕಿಸಿದ್ರೆ ಸೂಪರ್ ಆಗಿ ಕಾಣುತ್ತೆ. ಹಾಕಿಸಲಾ?

ಮೇಸ್ತ್ರಿ: ಬೇಡ ತಮ್ಮಾ. ಅದೇ ಮೋಟಾರು ವಾಹನ ನಿಯಮಗಳ 121ನೇ ನಿಯಮ ಓದು. ರಕ್ಷಣಾ ಇಲಾಖೆಯ ಗಾಡಿ ಬಿಟ್ಟು ಬೇರೆ ಯಾವುದಕ್ಕೂ ಆಲಿವ್ ಗ್ರೀನ್ ಬಣ್ಣ ಹೊಡೆಯುವ ಹಾಗಿಲ್ಲ. ರಸ್ತೆಯಲ್ಲಿ ಹತ್ತು ಗಾಡಿ ಹಾಗೆ ಓಡ್ತಿವೆ ಅಂತೀಯ, ನನಗೂ ಗೊತ್ತು. ಬಾಣದ ನಂಬರ್ ಅಂತೂ ಬೇಡವೇ ಬೇಡ. ಅದು ಅಲಂಕಾರ ಅಲ್ಲ, ಸೇನೆಯ ಗುರುತು. ಅದನ್ನು ಹಾಕಿಕೊಂಡು ಯಾವುದಾದರೂ ಕಂಟೋನ್ಮೆಂಟ್ ಗೇಟ್ ಮುಂದೆ ಹೋದರೆ ಏನಾಗುತ್ತೆ ಯೋಚಿಸು. ನಾನು ಮರಳಿನ ಬಣ್ಣವೋ ಬೂದಿ ಬಣ್ಣವೋ ಹೊಡೀತೀನಿ, ಆರ್‌ಸಿಯಲ್ಲೂ ಅದನ್ನೇ ಬರೆಸ್ತೀನಿ.

ಪೇಂಟ್ ಅಂದಾಗ ಇನ್ನೊಂದು ಮಾತು. ವಿಲ್ಲಿಸ್ ಬಾಡಿಯ ನೆಲದ ಕೆಳಗೆ ಟೋಪಿ ಆಕಾರದ ತಗಡಿನ ಪಟ್ಟಿಗಳಿವೆ. ಅವುಗಳ ಒಳಗೆ ಮರದ ತುಂಡು ತುರುಕಿರುತ್ತಾರೆ, ಕಂಪನಿಯಿಂದಲೇ ಹಾಗೆ. ಮಲೆನಾಡಿನ ಮಳೆಗೆ ಆ ಮರ ನೀರು ಕುಡಿದು ಸ್ಪಂಜಿನ ಹಾಗಾಗಿ, ತಗಡನ್ನು ಒಳಗಿನಿಂದ ತಿನ್ನುತ್ತೆ. ಮೇಲೆ ಪುಟ್ಟಿ ಮೆತ್ತಿ ಪೇಂಟ್ ಹೊಡೆದರೆ ಒಂದೇ ಮಳೆಗಾಲ ಬಾಳಿಕೆ ಬರುತ್ತೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡು. ಟಣ್ ಅಂದರೆ ಸರಿ. ಡಬ್ ಅಂದರೆ ಟಿಂಕರಿಂಗ್‌ನವರ ಕಡೆ ಹೊರಡು.

ಪ್ರಶ್ನೆ (ದುಬೈನಿಂದ): ಊರಿನಲ್ಲಿ ಅಪ್ಪನ 1968ರ ಜೀಪ್ ಇದೆ. ಡೀಸೆಲ್ ಎಂಜಿನ್ ಕೂರಿಸಿದ್ದಾರೆ. ವಿಂಟೇಜ್ ರಿಜಿಸ್ಟ್ರೇಷನ್ ಆಗುತ್ತಾ?

ಮೇಸ್ತ್ರಿ: 2021ರಲ್ಲಿ ಬಂದ ನಿಯಮ ಅದು. ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರಬೇಕು, ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿಸ್, ಬಾಡಿ, ಎಂಜಿನ್ ಯಾವುದನ್ನೂ ದೊಡ್ಡದಾಗಿ ಬದಲಾಯಿಸಿರಬಾರದು. ಹೊಸ ರಿಜಿಸ್ಟ್ರೇಷನ್‌ಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ನಂಬರ್‌ನಲ್ಲಿ ಕೆಎ ಆದ ಮೇಲೆ ವಿಎ ಅಂತ ಬರುತ್ತೆ, ಹಳೇ ನಂಬರ್ ಇದ್ದವರು ಅದನ್ನೇ ಉಳಿಸಿಕೊಳ್ಳಬಹುದು. ಆದರೆ ದಿನಾ ಓಡಿಸೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸೋಕೆ, ರಿಪೇರಿಗೆ, ಹೀಗೆ ಮಾತ್ರ.

ನಿಮ್ಮಪ್ಪನದು ಡೀಸೆಲ್ ಅಂದಿರಿ, ಅಲ್ಲೇ ಸಿಕ್ಕಿಹಾಕಿಕೊಳ್ಳೋದು. ಪೆಟ್ರೋಲ್ ದುಬಾರಿ ಅಂತ ಎಷ್ಟೋ ಜೀಪ್‌ಗೆ ಪ್ಯೂಜೋ ಡೀಸೆಲ್ ಹಾಕಿಸಿದರು, ನಾನೂ ಹಾಕಿದ್ದೇನೆ. ತೋಟದ ಕೆಲಸಕ್ಕೆ ಅದು ತಪ್ಪೇನಲ್ಲ. ಆದರೆ ವಿಂಟೇಜ್ ಅನ್ನಿಸಿಕೊಳ್ಳಬೇಕಾದರೆ ಮೂಲ ಪೆಟ್ರೋಲ್ ಎಂಜಿನ್ ಹುಡುಕಬೇಕು. ಮೊದಲು ಆರ್‌ಸಿಯಲ್ಲಿ ಇಂಧನ ಅಂತ ಏನು ಬರೆದಿದೆ ನೋಡಿ.

ಪ್ರಶ್ನೆ (ಮೈಸೂರಿನಿಂದ): ಇ20 (ಶೇ. 20 ಎಥೆನಾಲ್ ಬೆರೆಸಿದ) ಪೆಟ್ರೋಲ್ ಹಾಕಿದರೆ ಹಳೇ ಎಂಜಿನ್ ಸುಟ್ಟುಹೋಗುತ್ತಾ?

ಮೇಸ್ತ್ರಿ: ಸುಟ್ಟುಹೋಗಲ್ಲ. ರಬ್ಬರ್ ಹೋಗುತ್ತೆ. ಎಥೆನಾಲ್ ಹಳೇ ಪೈಪು, ಪಂಪಿನ ಡಯಾಫ್ರಂ ಎಲ್ಲವನ್ನೂ ಮೆತ್ತಗೆ ಮಾಡುತ್ತೆ. ಗಾಳಿಯ ತೇವ ಎಳೆದುಕೊಂಡು ಟ್ಯಾಂಕಿನ ತಳದಲ್ಲಿ ನೀರು ಕೂರಿಸುತ್ತೆ. ಹೊಸ ಕಾಲದ ಇಂಧನಕ್ಕೆ ಆಗುವ ಪೈಪ್ ಹಾಕಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬ್ಯುರೇಟರ್ ಖಾಲಿ ಮಾಡಿಡಿ. ವಿಲ್ಲಿಸ್‌ನಲ್ಲಿ ಪೆಟ್ರೋಲ್ ಟ್ಯಾಂಕ್ ಇರೋದು ಡ್ರೈವರ್ ಸೀಟಿನ ಕೆಳಗೇ, ಅದನ್ನು ನೆನಪಿಟ್ಟುಕೊಂಡರೆ ಸೋರುವ ಪೈಪ್ ಬದಲಾಯಿಸೋಕೆ ಯಾರೂ ತಡ ಮಾಡಲ್ಲ.

ಪ್ರಶ್ನೆ (ತೀರ್ಥಹಳ್ಳಿಯಿಂದ): ಎಡಗಡೆ ಚಕ್ರದ ನಟ್ ಬಿಚ್ಚೋಕೆ ಹೋಗಿ ಎರಡು ಬೋಲ್ಟ್ ಮುರಿದೆ. ಮೂರನೆಯದಕ್ಕೆ ಪೈಪ್ ಹಾಕಿ ಹತ್ತಿ ನಿಂತೆ, ಆದ್ರೂ ಬರ್ತಿಲ್ಲ. ಅದೂ ವಿಲ್ಲಿಸ್ಸೇ.

ಮೇಸ್ತ್ರಿ: ಇಳೀರಿ ಸ್ವಾಮಿ, ಇಳೀರಿ! ಎಡಗಡೆಯ ನಟ್‌ಗೆ ಉಲ್ಟಾ ಥ್ರೆಡ್. ನೀವು ಇಷ್ಟೊತ್ತು ಬಿಗಿ ಮಾಡ್ತಿದ್ದೀರಿ. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ.

ಪ್ರಶ್ನೆ (ತುಮಕೂರಿನಿಂದ): ಮೊದಲ ಸಲ ಕೊಳ್ಳುವವರು ಯಾವುದು ತಗೋಬೇಕು ಸರ್? ಟ್ಯಾಂಕ್ ಕೊಡ್ತಾರಾ? (ತಮಾಷೆಗೆ)

ಮೇಸ್ತ್ರಿ: ಟ್ಯಾಂಕ್ ನೋಡಬೇಕಾದರೆ ಮಡಿಕೇರಿಯ ಜನರಲ್ ತಿಮ್ಮಯ್ಯ ಮ್ಯೂಸಿಯಂಗೆ ಹೋಗಿ ಬನ್ನಿ, ಫೋಟೋ ತೆಗೆಸಿಕೊಳ್ಳಿ.

ಮೊದಲನೆಯದಕ್ಕೆ ಜಿಪ್ಸಿ. ನೋಡೋಕೆ ಜೋಂಗಾದ ಗತ್ತು ಇಲ್ಲ, ಒಪ್ಪಿದೆ. ಆದರೆ 1300 ಸಿಸಿ ಎಂಜಿನ್, ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತೆ, ಯಾವ ಊರಿನ ಮೆಕ್ಯಾನಿಕ್‌ಗೂ ಗೊತ್ತು. ಜೋಂಗಾ ಜಬಲ್ಪುರದಲ್ಲಿ ಆಗುತ್ತಿದ್ದ ಗಾಡಿ, ತಯಾರಿ ನಿಂತು ಎಷ್ಟೋ ವರ್ಷ ಆಯಿತು. ಸಾಮಾನು ಬೇಕಾದರೆ ಸೇನೆಯ ಒನ್ ಟನ್ ನಿಸಾನ್ ಟ್ರಕ್ ಗುಜರಿಗೆ ಬಂದಿದೆಯಾ ಅಂತ ಹುಡುಕಬೇಕು, ಎರಡಕ್ಕೂ ಎಂಜಿನ್ ಒಂದೇ. ಮೈಲೇಜ್ ಲೀಟರ್‌ಗೆ ನಾಲ್ಕೋ ಐದೋ. ಯಾವುದೇ ತಗೊಳ್ಳಿ, ಕೊಂಡ ದುಡ್ಡಿನಷ್ಟೇ ದುಡ್ಡು ರಿಪೇರಿಗೆ ಕೈಯಲ್ಲಿರಲಿ. ಮೊದಲ ಖರ್ಚು ಬ್ರೇಕಿಗೆ. ಹಳೇ ಜೀಪ್‌ನಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಲೈನ್, ಒಂದು ವೀಲ್ ಸಿಲಿಂಡರ್ ಸೋರಿದರೆ ಪೆಡಲ್ ನೆಲ ಮುಟ್ಟುತ್ತೆ. ಚಾರ್ಮಾಡಿ ಘಾಟಿ ಇಳಿಯುವಾಗ ಅದು ಗೊತ್ತಾಗಬಾರದು.

ಸಕಲೇಶಪುರದ ಸದಸ್ಯರು (ಮೂರು ದಿನದ ನಂತರ): ಸರ್, ಹೋಗಿದ್ದೆ. ಚಾಸಿಸ್ ಪ್ರಿಂಟ್ ತೆಗೀಬೇಕು ಅಂದ ತಕ್ಷಣ ಓನರ್ ಮುಖ ಒಂಥರಾ ಆಯ್ತು. ಶೆಡ್ ಬೀಗದ ಕೈ ಮಗ ತಗೊಂಡು ಹೋಗಿದಾನೆ, ಇನ್ನೊಂದಿನ ಬನ್ನಿ ಅಂದ್ರು.

ಮೇಸ್ತ್ರಿ: ಇನ್ನೊಂದಿನ ಹೋಗಬೇಡಿ. ಅಡ್ವಾನ್ಸ್ ಕೊಟ್ಟಿಲ್ಲ ತಾನೇ?

ಸಕಲೇಶಪುರದ ಸದಸ್ಯರು: ಐದು ಸಾವಿರ ಕೊಟ್ಟಿದ್ದೆ ಸರ್. ನಿಮ್ಮನ್ನು ಕೇಳೋಕೆ ಮುಂಚೆ.

ಮೇಸ್ತ್ರಿ: ಐದೇ ತಾನೇ? ನನಗೆ ಆ ಕೋಳಿಗೂಡು ಇದಕ್ಕಿಂತ ಬಹಳ ದುಬಾರಿ ಬಿತ್ತು.