ಟೆರೆಲ್‌ನ 20 ಸಮಾಧಿಗಳು: ಯುದ್ಧಕ್ಕೆ ಹೋಗುವ ಮುಂಚೆಯೇ ಈ ಪೈಲಟ್‌ಗಳು ಸತ್ತದ್ದು ಹೇಗೆ?

ಹಕ್ಕಿನೋಟ:
ಟೆಕ್ಸಾಸ್‌ನ ಟೆರೆಲ್‌ನಲ್ಲಿ 1941ರಿಂದ ಬ್ರಿಟಿಷ್ ಪೈಲಟ್‌ಗಳಿಗೆ ತರಬೇತಿ ಶಾಲೆ ಇತ್ತು. ಅಲ್ಲಿನ ಓಕ್‌ಲ್ಯಾಂಡ್ ಸ್ಮಶಾನದಲ್ಲಿ 20 ಬ್ರಿಟಿಷ್ ಕೆಡೆಟ್‌ಗಳ ಸಮಾಧಿ ಇದೆ. ಬಯಲು ನಾಡು, ಒಳ್ಳೆ ಬಿಸಿಲು, ಶತ್ರುವಿನ ಕಾಟವಿಲ್ಲ. ಆದರೂ ಕಲಿಯುವಾಗ ಇಷ್ಟು ಅಪಘಾತ ಯಾಕೆ? ವಿಮಾನಗಳೇ ಸರಿ ಇರಲಿಲ್ಲವಾ?

ಏಲೆರಾನ್:
ವಿಮಾನವನ್ನು ದೂರುವ ಹಾಗಿಲ್ಲ. ಮೊದಲು ಕಲಿಯುತ್ತಿದ್ದ ಸ್ಟಿಯರ್‌ಮನ್ ಬಲು ಗಟ್ಟಿ ವಿಮಾನ. ಕಲಿಯುವವರ ಪ್ರಾಣಕ್ಕೆ ಎರವಾಗುವುದು ಇಳಿಯುವ ಮುಂಚಿನ ಕೊನೆಯ ತಿರುವು. ರನ್‌ವೇ ಗೆರೆ ದಾಟಿಹೋಗುತ್ತಿದೆ ಅನ್ನಿಸುತ್ತದೆ, ನೆಲ ಹತ್ತಿರ ಇರುವುದರಿಂದ ರೆಕ್ಕೆ ವಾಲಿಸಲು ಭಯ. ಆಗ ತಿರುವಿನ ಒಳಬದಿಯ ರಡ್ಡರ್ (ಬಾಲದ ಚುಕ್ಕಾಣಿ) ಪೆಡಲ್ ಒತ್ತಿ ಮೂತಿ ತಿರುಗಿಸುತ್ತಾನೆ. ಮೂತಿ ಕೆಳಗಿಳಿಯುತ್ತದೆ, ಅದನ್ನು ಎತ್ತಲು ಸ್ಟಿಕ್ (ಹಿಡಿಕೋಲು) ಎಳೆಯುತ್ತಾನೆ. ಅಲ್ಲಿಗೆ ಮುಗಿಯಿತು: ಒಳಗಿನ ರೆಕ್ಕೆ ಸ್ಟಾಲ್ ಆಗಿ (ಎತ್ತುವ ಬಲ ಕಳೆದುಕೊಂಡು) ಸ್ಪಿನ್, ಅಂದರೆ ಗಿರಗಿರ ಸುತ್ತುತ್ತಾ ಬೀಳುವುದು, ಶುರು.

ಲೆಕ್ಕ ನೋಡಿ. ನೇರ ಹಾರಾಟದಲ್ಲಿ ಗಂಟೆಗೆ 60 ಮೈಲಿಗೆ ಸ್ಟಾಲ್ ಆಗುವ ವಿಮಾನ, ಎತ್ತರ ಬಿಡದೆ 45 ಡಿಗ್ರಿ ವಾಲಿ ತಿರುಗುವಾಗ 71ಕ್ಕೇ, 60 ಡಿಗ್ರಿಯಲ್ಲಿ 85ಕ್ಕೇ ಸ್ಟಾಲ್ ಆಗುತ್ತದೆ.

ಹಕ್ಕಿನೋಟ:
ಸ್ಪಿನ್‌ನಿಂದ ಹೊರಬರುವುದನ್ನು ಕಲಿಸುತ್ತಿರಲಿಲ್ಲವೇ ಸರ್?

ಏಲೆರಾನ್:
ಖಂಡಿತ ಕಲಿಸುತ್ತಿದ್ದರು, ಸಾವಿರಾರು ಅಡಿ ಮೇಲೆ. ಥ್ರಾಟಲ್ (ಎಂಜಿನ್ ಶಕ್ತಿಯ ಹಿಡಿ) ಮುಚ್ಚು, ಏಲೆರಾನ್ (ವಿಮಾನ ವಾಲಿಸುವ ರೆಕ್ಕೆಯಂಚಿನ ಪಟ್ಟಿ) ನಡುವಿಗೆ ತಾ, ಸುತ್ತುವ ದಿಕ್ಕಿಗೆ ಎದುರಿನ ರಡ್ಡರ್ ಪೂರ್ತಿ ಒತ್ತು, ಆಮೇಲೆ ಸ್ಟಿಕ್ ಮುಂದಕ್ಕೆ. ಸುತ್ತು ನಿಂತ ಕ್ಷಣ ರಡ್ಡರ್ ನೇರ ಮಾಡಿ ಮೆಲ್ಲಗೆ ಮೇಲೆತ್ತು. 500 ಅಡಿಯಲ್ಲಿ ಇದಕ್ಕೆಲ್ಲ ಜಾಗವೇ ಇಲ್ಲ. ಮೇಲಾಗಿ, ನೆಲ ಎದುರಿಗೆ ನುಗ್ಗಿ ಬರುವಾಗ ಸ್ಟಿಕ್ ಮುಂದಕ್ಕೆ ತಳ್ಳಲು ಕೈಯೇ ಒಪ್ಪುವುದಿಲ್ಲ.

ಮುಗಿಲುದಾರಿ:
ಮೋಡವನ್ನು ಮರೆಯಬೇಡಿ. 1943ರ ಫೆಬ್ರವರಿ 20ರಂದು ಟೆರೆಲ್‌ನಿಂದ ದಿಕ್ಕು ಹಿಡಿದು ಹಾರುವ ಪಾಠಕ್ಕೆ ಹೊರಟಿದ್ದ ಎರಡು ಎಟಿ-6 ತರಬೇತಿ ವಿಮಾನಗಳು ಕೆಟ್ಟ ಹವೆಯಲ್ಲಿ ಒಕ್ಲಹೋಮದ ಕಿಯಾಮಿಷಿ ಬೆಟ್ಟಗಳಲ್ಲಿ ಬಿದ್ದವು. ನಾಲ್ವರು ಕೆಡೆಟ್‌ಗಳು ತೀರಿಕೊಂಡರು. ಬೆಟ್ಟದ ಸೀಮೆಯಲ್ಲಿ ನೆಲ ಕಾಣಲೆಂದು ಮೋಡದ ಕೆಳಗೆ ಇಳಿದಷ್ಟೂ ಅಪಾಯ. ನೆಲವೇ ಮೇಲೇರಿ ಬರುತ್ತಿರುತ್ತದೆ.

ಮೋಡದೊಳಗೆ ಇನ್ನೊಂದು ಮೋಸ. ನಿಧಾನವಾಗಿ ವಾಲಿದರೆ ಒಳಗಿವಿಗೆ ಗೊತ್ತೇ ಆಗುವುದಿಲ್ಲ, ನೆಟ್ಟಗಿದ್ದೇನೆ ಅಂತಲೇ ಅನ್ನಿಸುತ್ತದೆ. ವಿಮಾನ ಸುರುಳಿಯಾಗಿ ಇಳಿಯತೊಡಗುತ್ತದೆ. ವೇಗ ಏರುತ್ತಿದೆ ಎಂದು ಸ್ಟಿಕ್ ಎಳೆದರೆ ಸುರುಳಿ ಇನ್ನೂ ಬಿಗಿಯಾಗುತ್ತದೆ. ಮೊದಲು ರೆಕ್ಕೆ ಸಮ ಮಾಡಬೇಕು, ಆಮೇಲೆ ಎಳೆಯಬೇಕು. ಲಿಂಕ್ ಟ್ರೈನರ್ ಎಂಬ, ನೆಲದ ಮೇಲೇ ಇರುವ ಅಣಕು ವಿಮಾನದ ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಿ ಮಾಡಿಸುತ್ತಿದ್ದ ಅಭ್ಯಾಸ ಇದಕ್ಕೇ: ಮೈ ಏನೇ ಹೇಳಲಿ, ಮಾಪಕದ ಮುಳ್ಳು ಹೇಳಿದ್ದನ್ನು ನಂಬು.

ಕಡತಪ್ರಿಯ:
ಈ ಹುಡುಗರ ಹೆಸರು ಹುಡುಕುವುದಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆಯಲ್ಲಿ ಸ್ಮಶಾನದ ಹೆಸರು ಹಾಕಿ ನೋಡಿ. 'ಪೈಲಟ್' ಅಂತ ಹುಡುಕಿದರೆ ಅನೇಕರು ತಪ್ಪಿಹೋಗುತ್ತಾರೆ. ರೆಕ್ಕೆಯ ಬಿಲ್ಲೆ (ಪೈಲಟ್ ಆದ ಗುರುತು) ಸಿಗುವ ಮುಂಚೆಯೇ ಸತ್ತವರ ದರ್ಜೆ ಸಾಮಾನ್ಯವಾಗಿ 'ಲೀಡಿಂಗ್ ಏರ್‌ಕ್ರಾಫ್ಟ್‌ಮನ್' ಎಂದೇ ಇರುತ್ತದೆ. ಫ್ಲಾರಿಡಾದ ಆರ್ಕೇಡಿಯಾದ ಓಕ್ ರಿಡ್ಜ್ ಸ್ಮಶಾನವನ್ನೂ ನೋಡಿ, ಅಲ್ಲಿ ಇಂಥ 23 ಹುಡುಗರಿದ್ದಾರೆ. ಊರಿನವರು ಇಂದಿಗೂ ಪ್ರತಿ ವರ್ಷ ಮೇ ತಿಂಗಳಲ್ಲಿ ಅಲ್ಲಿ ಸೇರಿ ಅವರನ್ನು ನೆನೆಯುತ್ತಾರೆ.