ಎಂಡಿ ಸಂಬಳ ಏರಿಸಲು ನನ್ನ ಓಟು ಕೇಳಿದ್ದಾರೆ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಮೇಡಂ. ಅಪ್ಪ ತೆಗೆದಿಟ್ಟಿದ್ದ ಒಂದು ಕಂಪನಿಯ 120 ಷೇರು ಈಗ ನನ್ನ ಹೆಸರಿನಲ್ಲಿವೆ. ಮೊನ್ನೆ ಇ-ಓಟಿಂಗ್ ಮೇಲ್ ಬಂತು. ಎಂಡಿ ಸಂಬಳ ಏರಿಸಲು ವಿಶೇಷ ನಿರ್ಣಯವಂತೆ. ಅವರು ಪ್ರಮೋಟರ್ (ಕಂಪನಿಯ ಹಿಡಿತ ಇರುವವರು) ಮನೆಯವರೇ. ಲಾಭ ಮಾತ್ರ ಹೋದ ವರ್ಷಕ್ಕಿಂತ ಕಡಿಮೆ. ನನ್ನ ಭಾವಮೈದ ಅಲ್ಲೇ ಕೆಲಸಕ್ಕಿದ್ದಾನೆ, ಅವನಿಗೆ ಶೇ. 6 ಏರಿಕೆ. ದುಡಿದವರಿಗೆ ಕೊಡಬೇಡಿ ಅನ್ನುತ್ತಿಲ್ಲ. ಆದರೆ ಇದಕ್ಕೆ ಮಿತಿಯೇ ಇಲ್ವಾ?

ಉತ್ತರ (ಕಂಪನಿ ಸೆಕ್ರೆಟರಿ): ನಮಸ್ಕಾರ. ಮಿತಿ ಇದೆ. 2013ರ ಕಂಪನಿ ಕಾಯ್ದೆಯ 197ನೇ ಸೆಕ್ಷನ್ ಪ್ರಕಾರ ಒಬ್ಬ ಎಂಡಿಗೆ ನಿವ್ವಳ ಲಾಭದ ಶೇ. 5, ಎಲ್ಲ ನಿರ್ದೇಶಕರಿಗೂ ಸೇರಿ ಶೇ. 11. ಅಂದರೆ 200 ಕೋಟಿ ಲಾಭವಿದ್ದರೆ ಎಂಡಿಗೆ 10 ಕೋಟಿಯವರೆಗೆ. ಮೊದಲು ಒಟ್ಟು ಶೇ. 11 ದಾಟಬೇಕಾದರೆ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕಿತ್ತು. 2018ರಲ್ಲಿ ಅದನ್ನು ತೆಗೆದರು. ಈಗ ಷೇರುದಾರರು ಒಪ್ಪಿದರೆ ಸಾಕು. ಪ್ರಮೋಟರ್ ಎಂಡಿ ಸಂಬಳ 5 ಕೋಟಿ ಅಥವಾ ಲಾಭದ ಶೇ. 2.5, ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನು ದಾಟಿದರೂ ಷೇರುಪೇಟೆ ನಿಯಂತ್ರಕ ಸೆಬಿ ವಿಶೇಷ ನಿರ್ಣಯ ಕೇಳುತ್ತದೆ. ಅದಕ್ಕೇ ನಿಮಗೆ ಮೇಲ್ ಬಂದಿರಬೇಕು.

ಪ್ರಶ್ನೆ: 120 ಷೇರಿನಿಂದ ಏನಾಗುತ್ತದೆ ಮೇಡಂ, ಸುಮ್ನೆ ಶಾಸ್ತ್ರಕ್ಕೆ ತಾನೇ?

ಉತ್ತರ: ಹಾಗೇನಿಲ್ಲ. ವಿಶೇಷ ನಿರ್ಣಯ ಗೆಲ್ಲಲು ಬಿದ್ದ ಓಟಿನಲ್ಲಿ ಶೇ. 75 ಪರವಾಗಿರಬೇಕು. ಓಟು ಹಾಕದವರು ಲೆಕ್ಕಕ್ಕೇ ಬರುವುದಿಲ್ಲ. 2021ರಲ್ಲಿ ಐಷರ್ ಮೋಟಾರ್ಸ್‌ನ ಎಂಡಿ ಸಿದ್ಧಾರ್ಥ ಲಾಲ್ ಅವರ ಮರುನೇಮಕ ಮತ್ತು ಸಂಬಳದ ನಿರ್ಣಯಕ್ಕೆ ಸುಮಾರು ಶೇ. 73 ಬಿತ್ತು, ಅಷ್ಟಕ್ಕೇ ಸೋತಿತು. ಆಮೇಲೆ ಬೋರ್ಡು ಸಂಬಳದ ಮಿತಿ ಇಳಿಸಿಕೊಂಡು ಮತ್ತೆ ಬಂತು. ಅವರನ್ನು ಯಾರೂ ಮನೆಗೆ ಕಳಿಸಲಿಲ್ಲ ನೋಡಿ, ಚೌಕಾಸಿ ಮಾಡಿದರು ಅಷ್ಟೇ.

ದುಡಿಮೆಗೆ ತಕ್ಕ ಸಂಬಳವೋ ಅಲ್ಲವೋ ತಿಳಿಯಲು ನಾನು ಮೊತ್ತ ನೋಡುವುದಿಲ್ಲ. ಎಷ್ಟು ಖಾಯಂ, ಎಷ್ಟು ಫಲಿತಾಂಶಕ್ಕೆ ಕಟ್ಟಿದ್ದು ಅಂತ ನೋಡುತ್ತೇನೆ. ಬ್ಯಾಂಕುಗಳಿಗೆ ಆರ್‌ಬಿಐ 2019ರಲ್ಲಿ ಒಳ್ಳೆಯ ನಿಯಮ ಮಾಡಿತು. ಖಾಸಗಿ ಬ್ಯಾಂಕಿನ ಸಿಇಒ ಸಂಬಳದಲ್ಲಿ ಅರ್ಧವಾದರೂ ಕೆಲಸ ನೋಡಿ ಕೊಡುವಂಥದ್ದಾಗಿರಬೇಕು. ಅದರಲ್ಲೂ ಶೇ. 60ರಷ್ಟನ್ನು ಕನಿಷ್ಠ 3 ವರ್ಷಕ್ಕೆ ಹಂಚಿ ಕೊಡಬೇಕು. ಕೊಟ್ಟ ಸಾಲ ಮುಳುಗುತ್ತದೋ ಇಲ್ಲವೋ ಅನ್ನುವುದು ಆ ವರ್ಷವೇ ಗೊತ್ತಾಗುವುದಿಲ್ಲವಲ್ಲ! ಎಡವಟ್ಟಾದರೆ ಕೊಟ್ಟದ್ದನ್ನೂ ವಾಪಸ್ ಕೇಳಬಹುದು. ಉಳಿದ ಕಂಪನಿಗಳಿಗೆ ಇಷ್ಟು ಬಿಗಿ ಇಲ್ಲ. ನಿಮ್ಮ ನೋಟಿಸಿನಲ್ಲಿ ‘ಕಮಿಷನ್ (ಅಂದರೆ ಲಾಭದಲ್ಲಿ ಪಾಲು), ಬೋರ್ಡು ತೀರ್ಮಾನಿಸಿದಂತೆ’ ಅಂತಷ್ಟೇ ಇದ್ದರೆ ನಾನಂತೂ ಪರವಾಗಿ ಒತ್ತುವುದಿಲ್ಲ.

ಇನ್ನೊಂದು. ಆ್ಯನುಯಲ್ ರಿಪೋರ್ಟಿನಲ್ಲಿ ಬೋರ್ಡ್ ವರದಿಯ ಅನುಬಂಧ ತೆಗೆಯಿರಿ. ನೌಕರರನ್ನೆಲ್ಲ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವವನಿಗಿಂತ ಎಂಡಿಗೆ ಎಷ್ಟು ಪಟ್ಟು ಜಾಸ್ತಿ ಅಂತ ಅಲ್ಲಿ ಹಾಕಲೇಬೇಕು. ಕಂಟ್ರಾಕ್ಟರ್ ಕಡೆಯವರು ಸಾಮಾನ್ಯವಾಗಿ ಈ ಲೆಕ್ಕದಲ್ಲಿ ಇರುವುದಿಲ್ಲ, ನೆನಪಿರಲಿ. ನೌಕರರಿಗೆ ಶೇಕಡಾ ಎಷ್ಟು ಏರಿತು, ಮೇಲಿನವರಿಗೆ ಎಷ್ಟು, ಯಾಕೆ ಅನ್ನುವುದೂ ಅಲ್ಲೇ ಇರಬೇಕು. 2017ರಲ್ಲಿ ಇನ್ಫೋಸಿಸ್‌ನ ನಾರಾಯಣ ಮೂರ್ತಿ ತಕರಾರು ತೆಗೆದದ್ದೂ ಇದಕ್ಕೇ. ಬಹುಪಾಲು ನೌಕರರಿಗೆ ಶೇ. 6-8, ಮೇಲಿನವರಿಗೆ ಶೇ. 60-70 ಅಂದರೆ ಸರಿಯಲ್ಲ ಅಂದಿದ್ದರು. ಸಂಬಳ ಏರಿಸುವ ಆ ನಿರ್ಣಯ ಪಾಸಾಯಿತು, ಅದು ಬೇರೆ ಮಾತು.

ಪ್ರಶ್ನೆ: ಸಿಕ್ಕಿತು ಮೇಡಂ! ಪುಟದ ಕೆಳಗೆ ಇರುವೆ ಸಾಲಿನಂಥ ಅಕ್ಷರ. 1ಕ್ಕೆ 186. ಕಾರಣ ಅನ್ನುವ ಕಡೆ ‘ಮಾರುಕಟ್ಟೆಗೆ ಅನುಗುಣವಾಗಿ’ ಅಂತ ಒಂದೇ ಸಾಲು. ಭಾವಮೈದನಿಗೂ ಫೋಟೊ ಕಳಿಸಿದೆ. ಈಗಲೇ ವಿರುದ್ಧ ಒತ್ತುತ್ತೇನೆ.

ಉತ್ತರ: ನಿಧಾನ! ಒಮ್ಮೆ ಓಟು ಹಾಕಿದ ಮೇಲೆ ಬದಲಿಸಲು ಆಗುವುದಿಲ್ಲ. ಒಂದೊಂದು ನಿರ್ಣಯಕ್ಕೂ ಬೇರೆ ಬೇರೆ ಬಟನ್. ಸಿಟ್ಟಿನಲ್ಲಿ ಡಿವಿಡೆಂಡಿಗೂ ವಿರುದ್ಧ ಒತ್ತಿಬಿಟ್ಟೀರಿ.

ಪ್ರಶ್ನೆ: ಅಯ್ಯೋ, ಮೊದಲನೆಯದಕ್ಕೆ ಆಗಲೇ ಒತ್ತಿಬಿಟ್ಟೆ. ಅದು ಯಾವುದು ಅಂತ ನೋಡಿ ಹೇಳುತ್ತೇನೆ ತಡೆಯಿರಿ.